ವೇಷದ ಬಟ್ಟೆ ಗರಿಗರಿಯಾಗಿ ನಿಲ್ಲಬೇಕಾದರೆ



ವೈಶಾಖ ಮಾಸದ ಅಕ್ಷಯ ತೃತೀಯೆ ಸಮೀಪಿಸಿದಂತೆ ನಮ್ಮ ಸಮಾಜದ ಮನೆಮನೆಗಳಲ್ಲಿ ಬಸವ ಜಯಂತಿಯ ಸಿದ್ಧತೆ ಆರಂಭವಾಗುತ್ತದೆ. ಮೆರವಣಿಗೆಯಲ್ಲಿ ಪುಟ್ಟ ಬಸವಣ್ಣ, ಪುಟ್ಟ ಅಕ್ಕಮಹಾದೇವಿ, ಹುಟ್ಟು ಹಿಡಿದ ಅಂಬಿಗರ ಚೌಡಯ್ಯ, ಬಟ್ಟೆಯ ಗಂಟು ಹೊತ್ತ ಮಡಿವಾಳ ಮಾಚಯ್ಯ, ಹಗ್ಗದ ಸುರುಳಿ ಹಿಡಿದ ನುಲಿಯ ಚಂದಯ್ಯ ಸಾಲಾಗಿ ನಡೆಯುವುದನ್ನು ಕಾಣುವುದೇ ಒಂದು ಭಾಗ್ಯ. ಅದು ಮುಗಿಯಿತೆನ್ನುವಷ್ಟರಲ್ಲಿ ಶ್ರಾವಣದ ಕಾರ್ಯಕ್ರಮಗಳು, ನವೆಂಬರ್ 1ರ ರಾಜ್ಯೋತ್ಸವ, ಶಾಲೆಯ ವಾರ್ಷಿಕೋತ್ಸವ, ಫೆಬ್ರವರಿ 1ರ ಮಾಚಿದೇವ ಜಯಂತಿ ಎಂದು ವರ್ಷವಿಡೀ ಮಕ್ಕಳ ವೇಷಕ್ಕೆ ಬಿಡುವೆಂಬುದಿಲ್ಲ.

ಆದರೆ ಈ ಸಂತೋಷದ ಹಿಂದೆ ಒಂದು ಸಂಕಟವೂ ಇದೆ. ಒಂದು ಸಂಜೆಯ ಮಟ್ಟಿಗೆ ಕಿರೀಟ, ಭುಜಕೀರ್ತಿ, ಸೊಂಟಪಟ್ಟಿಗಳನ್ನು ಪೇಟೆಯಿಂದ ಬಾಡಿಗೆಗೆ ತರಬೇಕು. ಅದರ ಮೇಲೆ ಮುಂಗಡ ಕಟ್ಟಬೇಕು. ಮಗು ಓಡಾಡುವಾಗ ಮಣಿಯೊಂದು ಉದುರಿದರೆ ದಂಡ ತೆರಬೇಕು. ಎರಡು ಮಕ್ಕಳಿರುವ ಬಡ ಮನೆಯಲ್ಲಿ ‘ಈ ವರ್ಷ ತಮ್ಮನಿಗೆ ಮಾತ್ರ, ನೀನು ಮುಂದಿನ ವರ್ಷ’ ಎಂದು ಹೇಳುವ ತಾಯಂದಿರಿದ್ದಾರೆ. ಮೆರವಣಿಗೆಯ ಬದಿಯಲ್ಲಿ ನಿಂತು ನೋಡುವ ಮಗುವಿನ ಮುಖವನ್ನು ಒಮ್ಮೆ ಕಂಡವರು ಈ ವಿಷಯವನ್ನು ಹಗುರವಾಗಿ ಎಣಿಸಲಾರರು. ಶರಣರ ವೇಷ ಧರಿಸಲು ಹಣವೇ ಅಡ್ಡಿಯಾಗುವುದಾದರೆ ಆ ವೇಷದ ಅರ್ಥವೇನು?

ಬಾಡಿಗೆಯ ವೇಷವು ನಮ್ಮ ಮನೆಯ ಬಟ್ಟೆಗಿಂತ ಅಂದವಾಗಿ ಕಾಣುವುದಕ್ಕೆ ಮುಖ್ಯ ಕಾರಣ ಜರಿಯಲ್ಲ, ಬಿಗುಪು. ಪೇಟ ಕುಸಿಯದೆ ಕುಳಿತಿರುತ್ತದೆ, ಕಿರೀಟ ಸೆಟೆದು ನಿಂತಿರುತ್ತದೆ, ಸೊಂಟಪಟ್ಟಿ ಮಡಿಚಿಕೊಳ್ಳುವುದಿಲ್ಲ. ಈ ಬಿಗುಪನ್ನು ಹಳೆಯ ಪಂಚೆ, ಹಳೆಯ ಸೀರೆಯ ತುಂಡುಗಳಿಗೆ ಮನೆಯಲ್ಲಿಯೇ ಕೊಡಬಹುದು. ಅದಕ್ಕೆ ಬೇಕಾದ ವಸ್ತುಗಳು ನಮ್ಮ ಜಿಲ್ಲೆಯ ಹೊಲ, ತೋಟ, ಅಡುಗೆಮನೆಗಳಲ್ಲಿಯೇ ಇವೆ. ಈ ತಿಂಗಳ ಅಂಕಣವನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ನಮ್ಮ ಸೀಮೆಗೆ ವೇಷಭೂಷಣವೆಂಬುದು ಹೊಸತಲ್ಲ. ಜಗಳೂರಿನ ಕಡೆಯ ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿಗಳುಂಟು. ಜಾತ್ರೆಗಳಲ್ಲಿ ವೀರಗಾಸೆಯ ರುದ್ರಮುಖ, ನಾಗಾಭರಣಗಳುಂಟು. ದಾವಣಗೆರೆಯು ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ನಾಟಕ ಕಂಪನಿಯನ್ನು ಕಂಡ ಊರು. ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ಊರೂರಿಗೆ ನಾಟಕಗಳನ್ನು ಒಯ್ಯುತ್ತಿದೆ. ಇಂತಹ ನೆಲದಲ್ಲಿ ಒಂದು ಪೇಟಕ್ಕಾಗಿ ಬಾಡಿಗೆ ಅಂಗಡಿಯ ಬಾಗಿಲಲ್ಲಿ ಕಾಯಬೇಕಾದ ಅಗತ್ಯವಿಲ್ಲವೆಂಬುದೇ ನಮ್ಮ ಅಭಿಪ್ರಾಯ.

ಮೊದಲು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳು

ಬಟ್ಟೆಯನ್ನು ಗಡಸು ಮಾಡುವ ವಿಧಾನಗಳು ಹಲವಿವೆ. ಯಾವುದು ಉತ್ತಮವೆಂದು ಕೇಳುವುದಕ್ಕಿಂತ, ಯಾವ ಕೆಲಸಕ್ಕೆ ಯಾವುದು ಎಂದು ಕೇಳುವುದು ಉಚಿತ. ಕೈಗೆ ಬಟ್ಟೆ ತೆಗೆದುಕೊಳ್ಳುವ ಮುನ್ನ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಒಂದು: ಈ ಬಟ್ಟೆ ಮತ್ತೆ ಮನೆಯ ಬಳಕೆಗೆ ಮರಳಬೇಕೆ? ಅಜ್ಜನ ಪಂಚೆ, ತಾಯಿಯ ಸೀರೆ ಮರುದಿನ ಮೊದಲಿನಂತೆಯೇ ಬೇಕಾದರೆ ತೊಳೆದರೆ ಹೋಗುವ ಗಂಜಿಯೊಂದೇ ದಾರಿ. ಗಂಜಿಯು ಬಟ್ಟೆಯನ್ನು ಎರವಲು ಪಡೆಯುತ್ತದೆ. ಅಂಟು ಅದನ್ನು ಕೊಂಡೇ ಬಿಡುತ್ತದೆ.

ಎರಡು: ಈ ಭಾಗ ಎಷ್ಟು ಭಾರ ಹೊರಬೇಕು? ನೆರಿಗೆ ನಿಲ್ಲಲು ಬೇಕಾದ ಬಿಗುಪು ಬೇರೆ, ಒಂದು ಗೇಣು ಎತ್ತರದ ಕಿರೀಟ ನಿಲ್ಲಲು ಬೇಕಾದ ಬಿಗುಪು ಬೇರೆ.

ಮೂರು: ಹವೆ ಎಂತಹುದು? ಗಂಜಿಯು ಗಾಳಿಯ ತೇವವನ್ನು ಹೀರಿ ಮೆತ್ತಗಾಗುತ್ತದೆ. ಬಸವ ಜಯಂತಿಯು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬರುವುದರಿಂದ ಒಣ ಹವೆಯಲ್ಲಿ ಗಂಜಿ ಚೆನ್ನಾಗಿ ನಿಲ್ಲುತ್ತದೆ. ಅದೇ ಪೇಟ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮಧ್ಯಾಹ್ನದೊಳಗೆ ಬಾಡುತ್ತದೆ. ಆಗ ಅಂಟಿಸಿದ ಪದರ ಅಥವಾ ಹಾಳೆಯ ಆಧಾರ ಬೇಕಾಗುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. 2018ರಲ್ಲಿ ನ್ಯಾಮತಿಯು ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಒಂದು ಕಡೆ ಮಲೆನಾಡಿನ ಅಂಚು, ಇನ್ನೊಂದು ಕಡೆ ಮಳೆಗಾಗಿ ಮುಗಿಲು ನೋಡುವ ಬಯಲು. ಬೆಳೆ ಬೇರೆ, ಹವೆ ಬೇರೆ; ಆದುದರಿಂದ ಬಟ್ಟೆಗೆ ಬಿಗುಪು ಕೊಡುವ ವಸ್ತುವೂ ಬೇರೆ ಬೇರೆ.

ಹೊನ್ನಾಳಿಯ ಅಕ್ಕಿ: ಪೇಟಕ್ಕೂ ನೆರಿಗೆಗೂ

ತುಂಗಭದ್ರೆಯ ದಡದ, ನಾಲೆ ನೀರಿನ ಭತ್ತದ ಸೀಮೆ ಹೊನ್ನಾಳಿ. ಅನ್ನ ಬಸಿದ ಗಂಜಿಯೇ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಅಗ್ಗದ ಸಾಧನ. ಅನ್ನವನ್ನು ಬಟ್ಟೆಗೆ ಬಳಸುವುದು ಸರಿಯೇ ಎಂದು ಕೆಲವು ಹಿರಿಯರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಆ ದಿನಕ್ಕೆ ಬೇಕಾದಷ್ಟನ್ನು ಮೀರಿ ಅಕ್ಕಿ ತರಬಾರದೆಂದು ಪತಿಗೆ ತಿಳಿಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಪರಂಪರೆ ನಮ್ಮದು. ಆದರೆ ಬಸಿದ ಗಂಜಿಯು ಹೇಗೂ ಕಲಗಚ್ಚಿಗೆ ಸೇರತಕ್ಕದ್ದು. ಅದರಲ್ಲಿ ಒಂದು ತಂಬಿಗೆಯನ್ನು ಮಗುವಿನ ಪೇಟಕ್ಕೆ ತೆಗೆದಿಟ್ಟರೆ ಅದು ಪೋಲಲ್ಲ. ಬೇಕಾದಷ್ಟನ್ನೇ ಕಾಯಿಸಿ, ಅಂದೇ ಬಳಸಿ ಮುಗಿಸುವುದು ಕ್ರಮ. ಹಳಸಿದ ಗಂಜಿ ನಾರುತ್ತದೆ, ಬಟ್ಟೆಗೂ ಕಲೆ ಕಟ್ಟುತ್ತದೆ.

ಈಗ ಕುಕ್ಕರಿನಲ್ಲಿ ಅನ್ನ ಮಾಡುವ ಮನೆಗಳಲ್ಲಿ ಬಸಿಯುವ ಗಂಜಿಯೇ ಸಿಗದು. ಅಂಥವರು ಎರಡು ದೊಡ್ಡ ಚಮಚ ಅಕ್ಕಿಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುತ್ತಿರುವ ಒಂದು ಲೀಟರ್ ನೀರಿಗೆ ಸುರಿದು, ಐದು ನಿಮಿಷ ಬಿಡದೆ ತಿರುವಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಪೇಟಕ್ಕೂ ಪಂಚೆಗೂ ಇಷ್ಟು ಸಾಕು. ನಿಂತ ನೆರಿಗೆ ಬೇಕಾದರೆ ಹಿಟ್ಟನ್ನು ನಾಲ್ಕು ಚಮಚಕ್ಕೆ ಏರಿಸಬಹುದು.

ಕುದಿಸುವುದೇಕೆಂದರೆ, ಹಿಟ್ಟಿನಲ್ಲಿರುವ ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ. ಸುಮಾರು 60ರಿಂದ 80 ಡಿಗ್ರಿ ಶಾಖದಲ್ಲಿ ಅವು ನೀರು ಕುಡಿದು ಉಬ್ಬಿ ಒಡೆದು ಅಂಟಾಗುತ್ತವೆ. ಒಣಗಿದಾಗ ಅದೇ ಅಂಟು ನೂಲಿನ ಸುತ್ತ ತೆಳುವಾದ ಪೊರೆಯಾಗಿ, ಒಂದು ಎಳೆಯನ್ನು ಇನ್ನೊಂದಕ್ಕೆ ಹಿಡಿದು ನಿಲ್ಲಿಸುತ್ತದೆ. ಹಸಿ ಹಿಟ್ಟನ್ನು ನೀರಿನಲ್ಲಿ ಕದಡಿ ಹಚ್ಚಿದರೆ ಅದು ಬರಿಯ ಧೂಳಾಗಿ ಉದುರುತ್ತದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯ ಹತ್ತಿ ಗಿರಣಿಗಳನ್ನು ಬಲ್ಲ ಹಿರಿಯರಿಗೆ ಇದು ತಿಳಿದ ಮಾತು: ಮಗ್ಗಕ್ಕೆ ಏರುವ ಮುನ್ನ ಹಾಸಿನ ನೂಲಿಗೆ ಗಂಜಿ ಕೊಡದಿದ್ದರೆ ಎಳೆ ತುಂಡಾಗುತ್ತದೆ.

ಬಟ್ಟೆಯ ಆಯ್ಕೆಯೂ ಮುಖ್ಯ. ಗಂಜಿ ಹಿಡಿಯುವುದು ಹತ್ತಿ ಬಟ್ಟೆಯಲ್ಲಿ. ಪಾಲಿಯೆಸ್ಟರ್ ನೀರನ್ನೇ ಹೀರದು, ಗಂಜಿಯನ್ನೆಲ್ಲಿ ಹಿಡಿದೀತು? ಹೊಸ ಬಟ್ಟೆಯಾದರೆ ಗಿರಣಿಯ ಹೊಳಪು ಹೋಗುವಂತೆ ಒಮ್ಮೆ ತೊಳೆದು ಕುಗ್ಗಿಸಿಕೊಳ್ಳಬೇಕು. ಬಣ್ಣದ ಬಟ್ಟೆಗೆ ಅಕ್ಕಿಗಂಜಿಯು ಬಿಳಿಯ ಮಚ್ಚೆ ಬಿಡುವುದುಂಟು. ಅಲ್ಲಿ ಸಬ್ಬಕ್ಕಿಯ ಗಂಜಿ ಲೇಸು. ಎರಡು ಚಮಚ ಸಬ್ಬಕ್ಕಿಯನ್ನು ನೆನೆಸಿ, ಒಂದು ಲೀಟರ್ ನೀರಿನಲ್ಲಿ ಕಾಳು ಕರಗಿ ಗಾಜಿನಂತಾಗುವವರೆಗೆ ಕುದಿಸಿ ಸೋಸಿದರೆ ಕಾವಿ ಬಟ್ಟೆಗೂ ಕಲೆಯಾಗದು.

ಪೇಟ ಕಟ್ಟುವ ಕ್ರಮ ಹೀಗೆ. ಮಕ್ಕಳ ಪೇಟಕ್ಕೆ ಮೂರು ನಾಲ್ಕು ಮೀಟರ್ ಉದ್ದದ ತೆಳುವಾದ ಮಲ್ಲು ಬಟ್ಟೆ ಸಾಕು. ಆರರಿಂದ ಹತ್ತು ವರ್ಷದ ಮಕ್ಕಳ ತಲೆಯ ಸುತ್ತಳತೆ ಸಾಮಾನ್ಯವಾಗಿ 50ರಿಂದ 53 ಸೆಂಟಿಮೀಟರ್ ಇರುತ್ತದೆ. ಆದರೂ ದಾರದಿಂದ ಅಳೆದೇ ನೋಡಬೇಕು. ಆ ಅಳತೆಗಿಂತ ಒಂದು ಬೆರಳಿನಷ್ಟು ಹೆಚ್ಚು ಸುತ್ತಳತೆಯ ಮಡಕೆಯನ್ನೋ ಪಾತ್ರೆಯನ್ನೋ ಬೋರಲು ಹಾಕಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಗಂಜಿಯಲ್ಲಿ ಅದ್ದಿ ಹಿಂಡಿದ ಬಟ್ಟೆ ನೆರಳಿನಲ್ಲಿ ಅರೆಯೊಣಗಿದಾಗ, ನಾಲ್ಕು ಬೆರಳು ಅಗಲಕ್ಕೆ ಉದ್ದುದ್ದ ಮಡಿಚಿ, ಮಡಕೆಯ ಸುತ್ತ ಓರೆಯಾಗಿ ಸುತ್ತುತ್ತ ಬರಬೇಕು. ಪೂರ್ತಿ ಒಣಗಿದ ಮೇಲೆ ಸುತ್ತುಗಳು ಕೂಡುವಲ್ಲಿ ನಾಲ್ಕೈದು ಹೊಲಿಗೆ ಹಾಕಿ ಎತ್ತಿದರೆ ಟೊಪ್ಪಿಗೆಯಂತೆ ತಲೆಗಿಡಬಹುದಾದ ಪೇಟ ಸಿದ್ಧ. ಅವಸರದ ಬೆಳಗಿನಲ್ಲಿ ಅಳುವ ಮಗುವನ್ನು ಹಿಡಿದು ಕೂರಿಸಿ ಪೇಟ ಸುತ್ತುವ ಪಾಡು ತಪ್ಪುತ್ತದೆ.

ನ್ಯಾಮತಿಯ ಮೆಕ್ಕೆಜೋಳ ಮತ್ತು ಸೂಜಿ

ನ್ಯಾಮತಿಯ ಹೊಲಗಳಲ್ಲಿ ಮೆಕ್ಕೆಜೋಳ ಹೇರಳ. ಮೆಕ್ಕೆಜೋಳದ ಹಿಟ್ಟನ್ನು ನೇರವಾಗಿ ಕುದಿಸಿದರೆ ತೌಡು, ಎಣ್ಣೆಯ ಅಂಶಗಳಿಂದಾಗಿ ಒರಟಾದ ಹಳದಿ ಗಂಜಿ ಬರುತ್ತದೆ. ಅಂಗಡಿಯಲ್ಲಿ ಮಾರುವ ಕಾರ್ನ್‌ಫ್ಲೋರ್ ಎಂಬುದು ಅದೇ ಕಾಳಿನಿಂದ ಬೇರ್ಪಡಿಸಿದ ಶುದ್ಧ ಪಿಷ್ಟ. ಮನೆಯಲ್ಲಿಯೇ ತೆಗೆಯುವುದಾದರೆ ಹಾಲುಬಾಯಿಗೆ ಹಾಲು ತೆಗೆಯುವಂತೆಯೇ ಮಾಡಬೇಕು. ಕಾಳನ್ನು ಎರಡು ದಿನ, ನೀರು ಬದಲಿಸುತ್ತ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಅಲುಗಿಸದೆ ಇಡಬೇಕು. ತಳದಲ್ಲಿ ಕುಳಿತ ಬಿಳಿಯ ಗಷ್ಟನ್ನು ಬಿಸಿಲಿಗೆ ಒಣಗಿಸಿದರೆ ಪಿಷ್ಟ ಸಿದ್ಧ. ಅಕ್ಕಿಹಿಟ್ಟಿನ ಅಳತೆಯಲ್ಲಿಯೇ ಬಳಸಬಹುದು. ಇದು ಇಸ್ತ್ರಿಗೆ ನಯವಾಗಿ ಒಗ್ಗುತ್ತದೆ. ಇಸ್ತ್ರಿ ಹಿಡಿಯದಂತೆ ಗಂಜಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬೆರೆಸುವುದು ವಾಡಿಕೆ.

ಇದೇ ನ್ಯಾಮತಿ ತಾಲ್ಲೂಕಿನಲ್ಲಿ ಬಂಜಾರ ಬಂಧುಗಳ ಪುಣ್ಯಕ್ಷೇತ್ರವಾದ ಸೂರಗೊಂಡನಕೊಪ್ಪವಿದೆ. ಸೇವಾಲಾಲರ ಜಯಂತಿಗೆ ಅಲ್ಲಿಗೆ ಬರುವ ತಾಯಂದಿರ ಉಡುಗೆಯನ್ನು ಕಂಡವರಿಗೆ ಒಂದು ಪಾಠ ದೊರೆಯುತ್ತದೆ. ಕನ್ನಡಿ, ನಾಣ್ಯ, ಕವಡೆಗಳ ಭಾರ ಹೊತ್ತ ಆ ಬಟ್ಟೆಯ ಪಟ್ಟಿಗಳು ಅಷ್ಟು ಗಟ್ಟಿಯಾಗಿರುವುದು ಗಂಜಿಯಿಂದಲ್ಲ, ಹೊಲಿಗೆಯಿಂದ. ಪದರದ ಮೇಲೆ ಪದರ ಇಟ್ಟು ಒತ್ತೊತ್ತಾಗಿ ಹೊಲಿಗೆ ಹಾಕಿದರೆ ದಾರವೇ ಬೆನ್ನೆಲುಬಾಗುತ್ತದೆ. ಮಳೆಗೆ ಕರಗದು, ಬೆವರಿಗೆ ಜಿಗಟಾಗದು, ಹುಳ ತಿನ್ನದು. ನಮ್ಮ ನೆರೆಯ ಸಂಡೂರಿನ ಲಂಬಾಣಿ ಕಸೂತಿಯು ಭೌಗೋಳಿಕ ಸೂಚಕ ಮಾನ್ಯತೆಯನ್ನೇ ಪಡೆದಿದೆ. ಸೊಂಟಪಟ್ಟಿ, ತೋಳಪಟ್ಟಿ, ಕೊರಳಪಟ್ಟಿಗಳನ್ನು ಹಳೆಯ ಪಂಚೆಯ ನಾಲ್ಕು ಪದರಗಳಿಂದ, ಅರ್ಧ ಬೆರಳಿಗೊಂದರಂತೆ ಉದ್ದಕ್ಕೆ ಹೊಲಿಗೆ ಹಾಕಿ ಮಾಡಿಟ್ಟರೆ ಹತ್ತು ವರ್ಷ ಬಾಳುತ್ತವೆ. ಅಕ್ಕನದು ತಂಗಿಗೆ, ತಂಗಿಯದು ನೆರೆಮನೆಯ ಮಗುವಿಗೆ ಆಗುತ್ತದೆ.

ಜಗಳೂರಿನ ಹುಣಸೆ ಬೀಜ

ಮಳೆ ಕಡಿಮೆಯಾದ ಜಗಳೂರಿನಲ್ಲಿಯೂ ಹುಣಸೆಮರ ಕೈಬಿಡದು. ಹಣ್ಣು ಬಿಡಿಸಿದ ಮೇಲೆ ಮೂಲೆಗೆ ಬೀಳುವ ಬೀಜದಲ್ಲಿ ಗಟ್ಟಿಯಾದ ಅಂಟಿದೆ. ಚಿತ್ರದುರ್ಗ ಜಿಲ್ಲೆಯ ಕಂಬಳಿ ನೇಯುವವರು ಉಣ್ಣೆಯ ಹಾಸಿಗೆ ಹುಣಸೆ ಬೀಜದ ಗಂಜಿಯನ್ನೇ ಕೊಡುತ್ತ ಬಂದವರು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಸೆಣಬಿನ ಚೂರು ಹಾಗೂ ಮರದ ಹೊಟ್ಟಿಗೆ ಹುಣಸೆ ಬೀಜದ ಅಂಟನ್ನು ಬೆರೆಸಿ ಮಾಡುವ ‘ಕಿಟ್ಟ’ದಿಂದ ಬೊಂಬೆಗಳಿಗೆ ಮೈ ತುಂಬುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದ ಬಟ್ಟೆ ಗಿರಣಿಗಳೂ ಈ ಬೀಜದ ಹಿಟ್ಟಿನ ಕಡೆಗೆ ತಿರುಗಿದವು. ಸೆಣಬಿನ ಗಿರಣಿಗಳಿಗೂ ಅದು ಬೇಕಾಯಿತು.

ಬೀಜವನ್ನು ಬಾಣಲೆಯಲ್ಲಿ ಹುರಿದು, ಕಂದು ಸಿಪ್ಪೆ ಬಿರಿದ ಮೇಲೆ ಕುಟ್ಟಿ ಕೇರಿ ಬೇರ್ಪಡಿಸಬೇಕು. ಒಳಗಿನ ಬಿಳಿಯ ಬೇಳೆಯನ್ನು ಪುಡಿ ಮಾಡಿ, ಒಂದು ಅಳತೆ ಪುಡಿಗೆ ಹನ್ನೆರಡು ಅಳತೆ ನೀರು ಸೇರಿಸಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ತಿರುವುತ್ತ ಕುದಿಸಿದರೆ ಲೋಳೆಯಂತಹ ಅಂಟು ಬರುತ್ತದೆ. ಸಿಪ್ಪೆ ಉಳಿದರೆ ಬಿಳಿಯ ಬಟ್ಟೆಗೆ ಕೆಂಪು ಛಾಯೆ ಬರುವುದರಿಂದ ಕೇರುವಾಗ ಎಚ್ಚರ ಬೇಕು.

ಈ ಅಂಟಿನಿಂದ ಎರಡು ಅಥವಾ ಮೂರು ಪದರ ಬಟ್ಟೆಯನ್ನು ಸೇರಿಸಿ, ಗಾಳಿಗುಳ್ಳೆ ಉಳಿಯದಂತೆ ಅಂಗೈಯಿಂದ ಒತ್ತಿ, ಬಿಸಿಲಿಗೆ ಒಣಗಿಸಿದರೆ ತೊಗಲಿನಂತಹ ಹಾಳೆ ದೊರೆಯುತ್ತದೆ. ಇದರ ದೊಡ್ಡ ಗುಣವೆಂದರೆ ಕತ್ತರಿಸಿದ ಅಂಚಿನಲ್ಲಿ ಎಳೆ ಬಿಚ್ಚದು. ಎಲೆ, ಹೂವು, ಬಿಲ್ವಪತ್ರೆಯ ಆಕಾರಗಳನ್ನು ಕತ್ತರಿಸಿ ಕಿರೀಟಕ್ಕೆ ಹೊಲಿಯಬಹುದು. ವೀರಗಾಸೆಯ ನಾಗಾಭರಣದ ಹೆಡೆಯನ್ನು ಮಕ್ಕಳಿಗಾಗಿ ಲೋಹದ ಬದಲು ಈ ಬಟ್ಟೆಯಲ್ಲಿಯೇ ಮಾಡಿ ಬಣ್ಣ ಹಚ್ಚಿದರೆ ತೂಕವೂ ಇಲ್ಲ, ಚುಚ್ಚುವ ಭಯವೂ ಇಲ್ಲ.

ಪದರಗಳನ್ನು ಅಂಟಿಸುವುದರಲ್ಲಿ ಒಂದು ಲೆಕ್ಕವಿದೆ. ಎರಡು ಪದರಗಳನ್ನು ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಬಿಗುಪು ಎರಡರಷ್ಟಾಗುತ್ತದೆ. ಅವನ್ನೇ ಜಾರದಂತೆ ಅಂಟಿಸಿ ಒಂದೇ ದಪ್ಪ ಹಾಳೆಯಾಗಿಸಿದರೆ ಬಿಗುಪು ಎಂಟರಷ್ಟಾಗುತ್ತದೆ. ಮೂರು ಪದರಗಳಾದರೆ ಇಪ್ಪತ್ತೇಳರಷ್ಟು. ಆದುದರಿಂದ ದಪ್ಪ ಬಟ್ಟೆಗಾಗಿ ಹಣ ತೆರುವ ಬದಲು ತೆಳು ಬಟ್ಟೆಗಳನ್ನು ಚೆನ್ನಾಗಿ ಒಂದುಗೂಡಿಸುವುದೇ ಜಾಣತನ.

ಹುಣಸೆ ಬೀಜ ಸಿಗದವರು ಮೈದಾ ಅಂಟನ್ನು ಬಳಸಬಹುದು. ಒಂದು ಬಟ್ಟಲು ಮೈದಾವನ್ನು ಒಂದು ಬಟ್ಟಲು ತಣ್ಣೀರಿನಲ್ಲಿ ಕಲಸಿ, ಮೂರು ಬಟ್ಟಲು ಕುದಿಯುವ ನೀರಿಗೆ ಸುರಿದು ಹೊಳಪು ಬರುವವರೆಗೆ ಬೇಯಿಸಬೇಕು. ಬೇಗ ಕೆಡದಂತೆ ಚಿಟಿಕೆ ಪಟಿಕದ ಪುಡಿ ಬೆರೆಸಿದರೆ ಸಾಕು. ಪುಸ್ತಕ ಕಟ್ಟುವವರು ಹುಳ ಹಿಡಿಯದಿರಲೆಂದು ಅಂಟಿಗೆ ಮೈಲುತುತ್ತ ಹಾಕುವುದುಂಟು. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಮನೆಗಳಲ್ಲಿ ಮೈಲುತುತ್ತ ಕೈಗೆಟುಕುವಂತೆಯೇ ಇರುತ್ತದೆ. ಆದರೆ ಅದು ವಿಷ. ಮಗುವಿನ ಹಣೆಗೆ, ಬೆವರಿಗೆ ತಾಗುವ, ಬಾಯಿಗೂ ಹೋಗಬಹುದಾದ ವೇಷದ ಅಂಟಿಗೆ ಅದನ್ನು ಎಂದಿಗೂ ಬೆರೆಸಬಾರದು.

ಚನ್ನಗಿರಿಯ ಅಡಿಕೆ ಹಾಳೆ: ಕಿರೀಟದ ಬೆನ್ನೆಲುಬು

ಎತ್ತರದ ಕಿರೀಟ, ಅಗಲವಾದ ಭುಜಕೀರ್ತಿಗಳನ್ನು ಗಂಜಿಯೊಂದೇ ನಿಲ್ಲಿಸಲಾರದು. ಒಳಗೊಂದು ಆಧಾರ ಬೇಕು. ರಟ್ಟು ಹಸಿ ಅಂಟು ತಾಗಿದರೆ ಉಬ್ಬಿ ಪದರ ಬಿಡುತ್ತದೆ. ಥರ್ಮೋಕೋಲ್ ಮುರಿದು ಉದುರಿ ಚರಂಡಿ ಸೇರುತ್ತದೆ, ಬೆಂಕಿ ತಾಗಿದರೆ ಕರಗಿ ಉರಿಯುತ್ತದೆ. ಚನ್ನಗಿರಿಯ ತೋಟಗಳಲ್ಲಿ ತಾನಾಗಿಯೇ ಕಳಚಿ ಬೀಳುವ ಅಡಿಕೆ ಹಾಳೆಗೆ ಈ ದೋಷಗಳು ಕಡಿಮೆ. ಹಗುರ, ಬಳುಕುತ್ತದೆ, ಮುರಿಯುವುದಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದೇ ಹಾಳೆಯಿಂದ ಟೊಪ್ಪಿಗೆ ಮಾಡಿ ಬಿಸಿಲಿಗೆ, ಹೊರೆಗೆ ಬಳಸುವುದು ತಲೆತಲಾಂತರದ ರೂಢಿ.

ಬೇಸಿಗೆಯಲ್ಲಿ ಬಿದ್ದ, ಬೂಷ್ಟು ಹಿಡಿಯದ ಹಾಳೆಯನ್ನು ಆರಿಸಬೇಕು. ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಅದು ಮೆತ್ತಗಾಗಿ ಸಾಧಾರಣ ಕತ್ತರಿಗೂ ಒಗ್ಗುತ್ತದೆ. ಮೊದಲು ಹಳೆಯ ವೃತ್ತಪತ್ರಿಕೆಯಲ್ಲಿ ಕಿರೀಟದ ಆಕಾರ ಕತ್ತರಿಸಿ, ಮಗುವಿನ ತಲೆಗೆ ಹಿಡಿದು ನೋಡಿ, ಅನಂತರ ಹಾಳೆಯ ಮೇಲೆ ಗೆರೆ ಹಾಕುವುದು ಒಳ್ಳೆಯದು. ಕತ್ತರಿಸಿದ ತುಂಡನ್ನು ಮಡಕೆಯ ಸುತ್ತ ಬಾಗಿಸಿ ದಾರದಿಂದ ಬಿಗಿದು ಎರಡು ದಿನ ಒಣಗಿಸಿದರೆ ಅದೇ ಬಾಗು ಉಳಿಯುತ್ತದೆ. ಭುಜಕೀರ್ತಿಯಂತಹ ಚಪ್ಪಟೆ ಭಾಗಗಳನ್ನಾದರೆ ಭಾರವಾದ ಕಲ್ಲಿನ ಕೆಳಗಿಟ್ಟು ಒಣಗಿಸಬೇಕು.

ಅನಂತರ ಹಾಳೆಯ ಎರಡೂ ಬದಿಗೆ ಬಟ್ಟೆ ಅಂಟಿಸಬೇಕು. ಒಂದೇ ಬದಿಗೆ ಅಂಟಿಸಿದರೆ, ಅಂಟು ಒಣಗಿ ಕುಗ್ಗುವಾಗ ಇಡೀ ತುಂಡು ಆ ಕಡೆಗೆ ಸುರುಳಿಕೊಳ್ಳುತ್ತದೆ. ಒಳಬದಿಗೆ ಮೆತ್ತನೆಯ ಹಳೆಯ ಹತ್ತಿ ಬಟ್ಟೆ, ಹೊರಬದಿಗೆ ಬಣ್ಣದ ಬಟ್ಟೆ. ಅಂಚುಗಳನ್ನು ಪಟ್ಟಿಯಿಂದ ಮಡಿಚಿ ಹೊಲಿದರೆ ಹಾಳೆಯ ಹರಿತವಾದ ಅಂಚು ಮಗುವಿನ ಹಣೆಗೆ ತಾಗದು. ತುದಿಗಳನ್ನು ಹಿಂದೆ ಅಂಟಿಸಿ ಮುಚ್ಚುವ ಬದಲು ಲಾಡಿಯಿಟ್ಟರೆ ಅದೇ ಕಿರೀಟವು ಬೇರೆ ಬೇರೆ ಅಳತೆಯ ತಲೆಗಳಿಗೆ ಆಗುತ್ತದೆ.

ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಕಿರೀಟವು ಎಲ್ಲ ಶರಣರಿಗೂ ಬೇಕಿಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗೆ ಅದು ಒಪ್ಪಬಹುದು. ಆದರೆ ಬಟ್ಟೆ ಒಗೆದ ಮಾಚಯ್ಯನವರಿಗೂ ದೋಣಿ ನಡೆಸಿದ ಚೌಡಯ್ಯನವರಿಗೂ ಜರಿಯ ಕಿರೀಟ ತೊಡಿಸಿದರೆ ಸಿನಿಮಾದ ಸಾಮಂತರಂತೆ ಕಂಡಾರು. ಅವರ ಗುರುತು ಅವರ ಕಾಯಕದ ಉಪಕರಣ. ಗರಿಗರಿಯಾಗಿ ಗಂಜಿ ಕೊಟ್ಟ ಒಂದು ಬಿಳಿಯ ರುಮಾಲು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಕೈಯಲ್ಲಿ ಮಡಿಬಟ್ಟೆಯ ಗಂಟು: ಮಾಚಯ್ಯನವರ ವೇಷಕ್ಕೆ ಇದಕ್ಕಿಂತ ಹೆಚ್ಚಿನದೇನೂ ಬೇಡ.

ಪೇಟೆಯಲ್ಲಿ ಸಿಗುವ ವಸ್ತುಗಳು

ದರ್ಜಿಗಳ ಅಂಗಡಿಯಲ್ಲಿ ಸಿಗುವ ಬಕ್ರಂ ಎಂಬುದು ಗಂಜಿ ಅಥವಾ ಅಂಟು ಕುಡಿಸಿದ ಒರಟು ಹತ್ತಿ ಬಟ್ಟೆಯೇ. ಕಾಲರಿಗೆ ಹಾಕುವ, ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಬಗೆಯೂ ದೊರೆಯುತ್ತದೆ. ಸಮಯವಿಲ್ಲದವರಿಗೆ ಇದು ಅನುಕೂಲ.

ಫೆವಿಕಾಲ್‌ನಂತಹ ಬಿಳಿ ಅಂಟನ್ನು ಸಮಪ್ರಮಾಣದ ನೀರಿನಲ್ಲಿ ಕದಡಿ ಹಚ್ಚಿದರೆ ಬಟ್ಟೆ ಬಹಳ ಗಟ್ಟಿಯಾಗುತ್ತದೆ. ಮಳೆಗಾಲದ ತೇವಕ್ಕೆ ಗಂಜಿಗಿಂತ ಚೆನ್ನಾಗಿ ತಾಳುತ್ತದೆ. ಜಿರಳೆ, ಇಲಿಗಳ ಕಾಟವೂ ಕಡಿಮೆ. ಆದರೆ ಗಾಳಿಯಾಡದು, ತೊಳೆದರೆ ಬಿಡದು. ಆದುದರಿಂದ ಮೈಗೆ ನೇರವಾಗಿ ತಾಗುವ ಭಾಗಗಳಿಗೂ, ಮರಳಿ ಬೇಕಾದ ಬಟ್ಟೆಗಳಿಗೂ ಇದು ತಕ್ಕದ್ದಲ್ಲ. ಸಕ್ಕರೆ ಪಾಕದಿಂದ ಲೇಸನ್ನು ಗಟ್ಟಿ ಮಾಡುವ ಪದ್ಧತಿಯೂ ಇದೆ. ನಮ್ಮ ಹಳ್ಳಿಯ ಮನೆಗಳಲ್ಲಿ ಅದು ಇರುವೆಗಳಿಗೆ ಕರೆಯೋಲೆ. ಮರಗೆಲಸದವರ ಹಳೆಯ ಸರೇಸು ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದದ್ದೆಂಬುದನ್ನು ಅರಿತು, ಶರಣರ ವೇಷಕ್ಕೆ ಅದನ್ನು ಬಿಡುವುದು ನಮ್ಮ ಮನೆಗಳಿಗೆ ಶೋಭೆ.

ಮಗುವಿನ ಮೈಮೇಲೆ ಎಚ್ಚರ

1. ಬೆಂಕಿಯಿಂದ ದೂರ. ಗಂಜಿಯ ಹತ್ತಿ ಬಟ್ಟೆಯೂ ಒಣ ಹಾಳೆಯೂ ಬೇಗ ಹೊತ್ತಿಕೊಳ್ಳುತ್ತವೆ. ಸೆಟೆದು ನಿಂತ ಸೆರಗಿನ ಅಂಚು ದೀಪಕ್ಕೆ ತಾಗಿದ್ದು ಮಗುವಿಗೆ ತಿಳಿಯುವುದೂ ಇಲ್ಲ. ವೇಷ ಧರಿಸಿದ ಮಕ್ಕಳ ಕೈಗೆ ಆರತಿ, ಪಂಜು, ಕರ್ಪೂರ ಕೊಡಬಾರದು; ಮಕ್ಕಳ ಸಾಲಿನ ಪಕ್ಕದಲ್ಲಿ ಪಟಾಕಿ ಹಚ್ಚಬಾರದು.

2. ತಂತಿಯ ತುದಿ. ಹೆಡೆ, ಹೂಗಳಿಗೆ ತಂತಿ ಬಳಸಿದರೆ ತುದಿಯನ್ನು ಉಂಗುರದಂತೆ ಮಡಿಚಿ ಬಟ್ಟೆಯ ಪಟ್ಟಿ ಸುತ್ತಬೇಕು. ಕಣ್ಣಿನ ಮಟ್ಟದಲ್ಲಿ ತಂತಿಯೇ ಬೇಡ.

3. ತೂಕ. ಎಳೆಯ ಕತ್ತು ಎರಡು ಗಂಟೆಯ ಮೆರವಣಿಗೆಯನ್ನು ತಾಳಬೇಕು. ತಲೆಯ ಮೇಲಿನದು ಕಾಲು ಕಿಲೋ ಮೀರದಿರುವುದು ಲೇಸು.

4. ಗಲ್ಲದ ಕೆಳಗಿನ ಲಾಡಿಗೆ ಗಂಟು ಬೇಡ. ಎಳೆದರೆ ಬಿಚ್ಚುವಂತೆ ಸರಗುಣಿಕೆಯೇ ಇರಲಿ.

5. ಪೂರ್ತಿ ಒಣಗದೆ ತೊಡಿಸಬಾರದು. ಒಳಗೆ ತೇವ ಉಳಿದರೆ ಬೂಷ್ಟು ಬಂದು ಮಗುವಿನ ಚರ್ಮಕ್ಕೆ ತುರಿಕೆಯಾಗುತ್ತದೆ. ಪದರದ ತುಂಡುಗಳಿಗೆ ಕನಿಷ್ಠ ಎರಡು ದಿನದ ಬಿಸಿಲು ಬೇಕು. ಆದುದರಿಂದ ಹಬ್ಬಕ್ಕೆ ಒಂದು ವಾರ ಮೊದಲೇ ಕೆಲಸ ಹಿಡಿಯಬೇಕು.

ಹಬ್ಬ ಮುಗಿದ ಮೇಲೆ

ವೇಷ ಕಟ್ಟುವುದರಲ್ಲಿ ಇರುವ ಉತ್ಸಾಹ ಬಿಚ್ಚಿಡುವುದರಲ್ಲಿ ಇರುವುದಿಲ್ಲ. ಮುಂದಿನ ವರ್ಷ ಮತ್ತೆ ಬಾಡಿಗೆ ಅಂಗಡಿಗೆ ಹೋಗಬೇಕಾಗುವುದು ಈ ಕಾರಣದಿಂದಲೇ. ಗಂಜಿಯು ಜಿರಳೆಗೂ ಬೆಳ್ಳಿಹುಳಕ್ಕೂ ಇಲಿಗೂ ಆಹಾರ. ಗಂಜಿ ಕೊಟ್ಟ ಪೇಟ, ಪಂಚೆಗಳ ಹೊಲಿಗೆ ಬಿಚ್ಚಿ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ ತೊಳೆದು, ಗಂಜಿಯಿಲ್ಲದೆಯೇ ಮಡಿಚಿಡಬೇಕು. ಅಂಟಿಸಿದ ಕಿರೀಟ, ಭುಜಕೀರ್ತಿಗಳನ್ನು ಒಂದು ದಿನ ಬಿಸಿಲಿಗೆ ಹಾಕಿ, ಒಣ ಬೇವಿನ ಎಲೆಯೊಡನೆ ಮುಚ್ಚಳವಿರುವ ಡಬ್ಬಿಯಲ್ಲಿ, ನೆಲಕ್ಕೆ ತಾಗದಂತೆ ಎತ್ತರದಲ್ಲಿ ಇಡಬೇಕು. ಮಳೆಗಾಲದ ನಡುವೆ ಬಿಸಿಲು ಬಿದ್ದ ದಿನ ಒಮ್ಮೆ ತೆಗೆದು ಗಾಳಿಗಿಟ್ಟರೆ ಬೂಷ್ಟು ಸುಳಿಯದು.

ಒಂದೊಂದು ಮನೆಯೂ ಎಲ್ಲವನ್ನೂ ಮಾಡಬೇಕೆಂದಿಲ್ಲ. ಓಣಿಯ ನಾಲ್ಕೈದು ಮನೆಗಳವರು, ಅಕ್ಕನ ಬಳಗದ ತಾಯಂದಿರು ಒಂದು ಮಧ್ಯಾಹ್ನ ಕೂಡಿ ಕುಳಿತರೆ ಒಂದು ಪಾತ್ರೆಯ ಅಂಟಿನಲ್ಲಿ ಹತ್ತು ಕಿರೀಟಗಳಾಗುತ್ತವೆ. ಒಂದು ಮನೆಯ ಹಾಳೆ, ಇನ್ನೊಂದು ಮನೆಯ ಹುಣಸೆ ಬೀಜ, ಮತ್ತೊಂದು ಮನೆಯ ಹಳೆಯ ಪಂಚೆ ಸೇರಿ ಸಿದ್ಧವಾದುದನ್ನು ಊರಿನ ಮಠದಲ್ಲಿಯೋ ಶಾಲೆಯಲ್ಲಿಯೋ ಒಂದು ಪೆಟ್ಟಿಗೆಯಲ್ಲಿಟ್ಟರೆ, ವೇಷವಿಲ್ಲವೆಂಬ ಕಾರಣಕ್ಕೆ ಊರಿನ ಯಾವ ಮಗುವೂ ಮೆರವಣಿಗೆಯ ಬದಿಯಲ್ಲಿ ನಿಲ್ಲಬೇಕಾಗಿಲ್ಲ. ಹತ್ತು ವರ್ಷದ ಮಕ್ಕಳನ್ನೂ ಈ ಕೆಲಸದಲ್ಲಿ ಕೂರಿಸಿಕೊಳ್ಳಿ. ಬಿಸಿ ಅಂಟಿನ ಪಾತ್ರೆಯೊಂದನ್ನು ಬಿಟ್ಟು ಉಳಿದೆಲ್ಲವೂ ಅವರ ಕೈಗೆ ನಿಲುಕುವಂತಹವೇ. ತಾನು ತೊಡುವ ರುಮಾಲಿಗೆ ತಾನೇ ಗಂಜಿ ಕೊಟ್ಟ ಮಗುವಿಗೆ ಮಾಚಯ್ಯನವರ ಕಾಯಕ ಏನೆಂಬುದನ್ನು ಬೇರೆ ಪಾಠ ಮಾಡಿ ಹೇಳಬೇಕಿಲ್ಲ.

ತಮ್ಮ ಊರಿನ ಹಿರಿಯರು ಬಳಸುತ್ತಿದ್ದ ಬೇರೆ ಅಂಟು, ಬೇರೆ ಗಂಜಿಗಳು ಇದ್ದರೆ ಅಳತೆ ಸಹಿತ ಬರೆದು ಕಳುಹಿಸಬೇಕೆಂದು ಓದುಗರಲ್ಲಿ ವಿನಂತಿ. ಅವುಗಳನ್ನು ಮುಂದಿನ ಸಂಚಿಕೆಗಳಲ್ಲಿ ಎಲ್ಲರೊಡನೆ ಹಂಚಿಕೊಳ್ಳುವೆವು.